ಪಿಂಚಣಿ ಸೆಕ್ಷನಿನಲ್ಲಿ ಕುಳಿತವರ ಸಂಕಟ

ಪಂಚಾಯತು ಕಚೇರಿಯ ಪಿಂಚಣಿ ಸೆಕ್ಷನಿನಲ್ಲಿ ಫ್ಯಾನಿನ ಕೆಳಗೆ ಕುಳಿತವನಿಗೆ ಏನು ಸಂಕಟವಿದ್ದೀತು, ಸಂಕಟವೆಲ್ಲ ಕೌಂಟರಿನ ಹೊರಗೆ ನಿಂತವರದ್ದಲ್ಲವೇ ಎಂದು ನಿಮ್ಮಲ್ಲಿ ಹಲವರು ಯೋಚಿಸುತ್ತಿರಬಹುದು. ಹೊರಗೆ ನಿಂತವರ ಸಂಕಟವೇ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಗ್ರಾಮ ಪಂಚಾಯತುಗಳಲ್ಲಿ ನನ್ನ ಸೇವಾವಧಿಯ ಹೆಚ್ಚಿನ ಭಾಗವನ್ನು ಇದೇ ಸೆಕ್ಷನಿನಲ್ಲಿ ಕಳೆದವನು ನಾನು. ಕೆಲಸದ ಹೊರೆ, ವರ್ಗಾವಣೆ, ತಡವಾಗುವ ಬಡ್ತಿ ಇವೆಲ್ಲ ಯಾವ ಸರಕಾರಿ ನೌಕರನಿಗೂ ಇರುವ ದೂರುಗಳಾದ್ದರಿಂದ ಅವುಗಳನ್ನು ಇಲ್ಲಿ ಎತ್ತುವುದಿಲ್ಲ. ನನ್ನನ್ನು ಒಳಗಿನಿಂದ ಹಿಂಡಿದ್ದು ಬೇರೊಂದು ಸಂಗತಿ. ಎದುರಿಗೆ ಬಂದು ನಿಂತ ಮುದುಕಿಗೆ ಆಕೆಯ ಹಣ ಯಾಕೆ ಬಂದಿಲ್ಲ, ಆಕೆಯ ಅರ್ಜಿ ಎಲ್ಲಿ ನಿಂತಿದೆ, ಯಾರು ನಿಲ್ಲಿಸಿದ್ದಾರೆ ಎಂಬುದರ ಸರಿಯಾದ ಕಾರಣವನ್ನು, ಆಕೆಗೆ ತಿಳಿಯುವ ಭಾಷೆಯಲ್ಲಿ, ಆಕೆಯ ಕೈಗೆ ಕೊಡಲಾಗದೆ ಕುಳಿತಿರಬೇಕಾದ ಸ್ಥಿತಿ ಅದು. ನನ್ನ ಇಂದಿನ ಮಾತೆಲ್ಲ ಅದರ ಸುತ್ತಲೇ ಇರುತ್ತದೆ.

ವ್ಯವಸ್ಥೆ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ಸ್ವಲ್ಪ ವಿವರಿಸಬೇಕು. ನಾವು ಸಾಮಾನ್ಯವಾಗಿ ಕ್ಷೇಮ ಪಿಂಚಣಿ ಎಂದು ಕರೆಯುವುದರಲ್ಲಿ ಐದು ಬಗೆಗಳಿವೆ: ಕೃಷಿ ಕಾರ್ಮಿಕರದ್ದು, ವೃದ್ಧರದ್ದು, ವಿಧವೆಯರದ್ದು, ಅಂಗವಿಕಲರದ್ದು, ಮತ್ತು 50 ವರ್ಷ ದಾಟಿದ ಅವಿವಾಹಿತ ಮಹಿಳೆಯರದ್ದು. ಕೇರಳದಲ್ಲಿ ಕೃಷಿ ಕಾರ್ಮಿಕ ಪಿಂಚಣಿ 1980ರಲ್ಲಿ ಆರಂಭವಾದಾಗ ತಿಂಗಳಿಗೆ ಸಿಗುತ್ತಿದ್ದುದು 45 ರೂಪಾಯಿ. 2021ರಲ್ಲಿ ಪಿಂಚಣಿಯ ಮೊತ್ತ 1,600 ರೂಪಾಯಿಗೆ ಏರಿತು, 2025ರ ನವೆಂಬರಿನಿಂದ 2,000 ಆಗಿದೆ. ಕುಟುಂಬದ ವಾರ್ಷಿಕ ವರಮಾನ ಒಂದು ಲಕ್ಷ ರೂಪಾಯಿಯೊಳಗಿರಬೇಕು. ಅರ್ಜಿ ಬರುವುದು ಪಂಚಾಯತಿಗೆ, ವರಮಾನದ ಸರ್ಟಿಫಿಕೇಟು ಬರಬೇಕಾದದ್ದು ವಿಲೇಜ್ ಆಫೀಸಿನಿಂದ, ಅಂಗವೈಕಲ್ಯದ ಪ್ರಮಾಣವನ್ನು ಹೇಳಬೇಕಾದದ್ದು ವೈದ್ಯಕೀಯ ಮಂಡಳಿ, ಸ್ಥಳ ತನಿಖೆಯ ವರದಿ ಕೊಡಬೇಕಾದವರು ಮತ್ತೊಬ್ಬ ಅಧಿಕಾರಿ, ಮಂಜೂರು ಮಾಡಬೇಕಾದದ್ದು ಪಂಚಾಯತು ಸಮಿತಿ, ಹಣ ಬಿಡುಗಡೆಯಾಗಬೇಕಾದದ್ದು ಇಲ್ಲಿಂದ 500 ಕಿಲೋಮೀಟರಿಗೂ ಆಚೆ ಇರುವ ತಿರುವನಂತಪುರದಿಂದ. ಇಷ್ಟೆಲ್ಲ ಕೈಗಳ ಮೂಲಕ ಹಾದುಹೋಗುವ ಕೆಲಸದಲ್ಲಿ ಜನರ ಕಣ್ಣಿಗೆ ಬೀಳುವ ಮುಖ ಒಂದೇ, ಸೆಕ್ಷನ್ ಕ್ಲಾರ್ಕಿನದ್ದು. ತೀರ್ಮಾನ ಆತನದ್ದಲ್ಲ. ಆದರೂ ತೀರ್ಮಾನವನ್ನು ಎದುರಿಗೆ ನಿಂತವರಿಗೆ ಹೇಳಬೇಕಾದವನು ಆತನೇ.

2023 ಮತ್ತು 2024ರ ದಿನಗಳನ್ನು ನೀವು ಮರೆತಿರಲಾರಿರಿ. ಪಿಂಚಣಿ ತಿಂಗಳುಗಟ್ಟಲೆ ಬಾಕಿಯಾಗಿತ್ತು, ಒಂದು ಹಂತದಲ್ಲಿ ಐದು ತಿಂಗಳ ಕಂತುಗಳು ಉಳಿದಿದ್ದವು. ಕೇಂದ್ರ ಸರಕಾರವು ಸಾಲದ ಮಿತಿಯನ್ನು ಕಡಿತಗೊಳಿಸಿದ್ದೇ ಕಾರಣವೆಂದು ರಾಜ್ಯ ಸರಕಾರ ಹೇಳಿತು. ಪಿಂಚಣಿಗಾಗಿಯೇ 2018ರಲ್ಲಿ ರಚಿಸಿದ ಕಂಪೆನಿ ಎತ್ತಿದ ಸಾಲವನ್ನೂ ರಾಜ್ಯದ ಸಾಲವೆಂದೇ ಲೆಕ್ಕ ಹಿಡಿಯಬೇಕೆಂಬ ವಾದ ಕೇಂದ್ರದಿಂದ ಬಂತು. ಇವು ಪತ್ರಿಕೆಯಲ್ಲಿ ಓದಿ ತಿಳಿಯಬಹುದಾದ ವಿಚಾರಗಳು. ಆದರೆ ಬೆಳಗ್ಗೆ ಹತ್ತು ಗಂಟೆಗೆ, ಬಸ್ಸಿಗೆ ಹಣ ಕೊಟ್ಟು, ಬಗಲಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಬಂದು, “ಅಣ್ಣಾ, ದುಡ್ಡು ಬಂತಾ?” ಎಂದು ಕೇಳುವವರಿಗೆ ಸಾಲದ ಮಿತಿಯ ಲೆಕ್ಕಾಚಾರದಿಂದ ಏನೂ ಆಗಬೇಕಾದ್ದಿಲ್ಲ. ಅವರಿಗೆ ಬೇಕಾದದ್ದು ಒಂದು ತಾರೀಕು. ಆ ತಾರೀಕು ನಮ್ಮ ಕಚೇರಿಯಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಟೀವಿಯಲ್ಲಿ ಸುದ್ದಿ ಬಂದಾಗ ಅವರಿಗೆ ತಿಳಿದಷ್ಟೇ ನಮಗೂ ತಿಳಿಯುತ್ತಿತ್ತು. ಗೊತ್ತಿಲ್ಲವೆಂದು ನಿಜ ಹೇಳಿದರೆ ಉದಾಸೀನವೆಂದು ಭಾವಿಸುತ್ತಾರೆ, ಮುಂದಿನ ವಾರ ಬರಬಹುದೆಂದು ಸಮಾಧಾನ ಹೇಳಿದರೆ ಮುಂದಿನ ವಾರ ಮತ್ತೆ ಬಸ್ಸಿಗೆ ಖರ್ಚು ಮಾಡಿಕೊಂಡು ಬರುತ್ತಾರೆ. ಈ ಎರಡರ ನಡುವೆ ಬಾಯಿ ಕಟ್ಟಿ ಕೂರುವುದು ಎಂಥ ಶಿಕ್ಷೆ ಎಂಬುದನ್ನು ಆ ಕುರ್ಚಿಯಲ್ಲಿ ಕುಳಿತವರೇ ಬಲ್ಲರು.

ಇನ್ನೊಂದು ಸಣ್ಣ ವಿಷಯ, ಆದರೆ ಅತಿ ಹೆಚ್ಚು ಜಗಳಗಳಿಗೆ ಕಾರಣವಾದದ್ದು. 60ರಿಂದ 79 ವರ್ಷದವರೆಗಿನ ಬಡ ವೃದ್ಧರ ಪಿಂಚಣಿಯಲ್ಲಿ ಕೇಂದ್ರ ಸರಕಾರದ ಪಾಲು 200 ರೂಪಾಯಿ, 80 ದಾಟಿದವರಿಗೆ 500. ಮೊದಲು ಎಲ್ಲವೂ ಒಟ್ಟಾಗಿ ಬರುತ್ತಿತ್ತು. ಅನಂತರ ಕೇಂದ್ರದ ಪಾಲು ಬೇರೆ ದಾರಿಯಲ್ಲಿ ನೇರವಾಗಿ ಬ್ಯಾಂಕ್ ಖಾತೆಗೆ ಬರತೊಡಗಿತು. ಸಹಕಾರಿ ಸಂಘದವರು ಮನೆಗೆ ತಂದುಕೊಟ್ಟ ಹಣವನ್ನು ಎಣಿಸಿದವರಿಗೆ ಕಂಡದ್ದು 200 ರೂಪಾಯಿ ಕಡಿಮೆ. ಅವರ ಸಂಶಯ ಹೋಗಿ ನಿಂತದ್ದು ಹಣ ತಂದುಕೊಟ್ಟ ಹುಡುಗನ ಮೇಲೆ, ಅಲ್ಲಿಂದ ಪಂಚಾಯತಿನ ಮೇಲೆ. ಪಾಲು ಬೇರೆಯಾಗಿದೆ ಎಂದು ನಾಲ್ಕು ಸಾಲಿನ ಒಂದು ಚೀಟಿಯನ್ನು ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅಚ್ಚು ಹಾಕಿ ಹಣದೊಂದಿಗೆ ಕೊಟ್ಟಿದ್ದರೆ, ಪ್ರಾಮಾಣಿಕವಾಗಿ ಮನೆಮನೆ ನಡೆದ ಆ ಹುಡುಗರು ಕಳ್ಳರೆನಿಸಿಕೊಳ್ಳಬೇಕಾಗಿರಲಿಲ್ಲ.

ಈಗ ನಮ್ಮ ಗಡಿನಾಡಿಗೇ ವಿಶೇಷವಾದ ಕಷ್ಟಕ್ಕೆ ಬರುತ್ತೇನೆ. ಹೆಸರು. ಐತ್ತಪ್ಪ ಎಂಬ ಹೆಸರನ್ನೇ ತೆಗೆದುಕೊಳ್ಳಿ, ನಮ್ಮ ಕಡೆ ಮನೆಗೊಬ್ಬರು ಇರುವಂಥ ಹೆಸರು. ಕನ್ನಡ ಶಾಲೆಯ ದಾಖಲೆಯಲ್ಲಿ ಅದು ಒಂದು ರೀತಿ. ರೇಷನ್ ಕಾರ್ಡಿನಲ್ಲಿ ಮಲಯಾಳ ಲಿಪಿಯಲ್ಲಿ ಬರೆದವರು ತಮ್ಮ ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಇಂಗ್ಲಿಷಿಗೆ ಬಂದಾಗ ಕೇರಳದ ರೂಢಿಯವರು ‘ಟಿ’ಯ ಜೊತೆಗೆ ‘ಎಚ್’ ಸೇರಿಸುತ್ತಾರೆ, ಬೇರೆ ರೂಢಿಯವರು ಎರಡು ‘ಟಿ’ ಹಾಕುತ್ತಾರೆ, ಬ್ಯಾಂಕಿನವರು ಒಂದೇ ‘ಟಿ’ಗೆ ನಿಲ್ಲಿಸುತ್ತಾರೆ. ಅದರ ಮೇಲೆ ಇನಿಶಿಯಲ್ಲು ಒಂದು ಕಡೆ ಹೆಸರಿನ ಹಿಂದೆ, ಇನ್ನೊಂದು ಕಡೆ ಮುಂದೆ. ಪಂಚಾಯತಿನಲ್ಲಿ ಎಲ್ಲರಿಗೂ ಆ ಮನುಷ್ಯ ಗೊತ್ತು, ವಾರ್ಡು ಮೆಂಬರ್ ಆತನ ನೆರೆಮನೆಯವರೇ ಇರಬಹುದು. ಕಂಪ್ಯೂಟರಿಗೆ ಮಾತ್ರ ಅವರು ನಾಲ್ಕು ಬೇರೆ ಬೇರೆ ಜನ. ಪಿಂಚಣಿಯ ದಾಖಲೆ ಇರುವ ‘ಸೇವನ’ ತಂತ್ರಾಂಶದಲ್ಲಿ ಆಧಾರಿನ ಹೆಸರು ತಾಳೆಯಾಗದಿದ್ದರೆ ಕಡತ ಮುಂದೆ ಸರಿಯುವುದಿಲ್ಲ. ಆಗ ವಿಲೇಜ್ ಆಫೀಸಿನಿಂದ ಎರಡೂ ಹೆಸರು ಒಬ್ಬರದ್ದೇ ಎಂಬ ಸರ್ಟಿಫಿಕೇಟು ತರಬೇಕು. ಎಪ್ಪತ್ತು ವರ್ಷ ಒಂದೇ ಹೆಸರಿನಲ್ಲಿ ಬದುಕಿದ ಮನುಷ್ಯ, ತಾನು ತಾನೇ ಎಂಬುದಕ್ಕೆ ಕಾಗದ ತರಲು ಇನ್ನೊಂದು ಕಚೇರಿಯ ಮೆಟ್ಟಿಲು ಹತ್ತಬೇಕು. ಅವರಿಗೆ ಅದನ್ನು ಹೇಳುವಾಗ ತಲೆ ಎತ್ತಿ ಮುಖ ನೋಡುವ ಧೈರ್ಯ ನನಗೆ ಎಷ್ಟೋ ಸಲ ಬರುತ್ತಿರಲಿಲ್ಲ.

ವಿಧವಾ ಪಿಂಚಣಿಯಲ್ಲಿ ಈ ತೊಡಕು ಇಮ್ಮಡಿಯಾಗುತ್ತದೆ. ನಮ್ಮವರು ಕಾಯಿಲೆ ಬಿದ್ದರೆ ಹೋಗುವುದು ಮಂಗಳೂರಿಗೆ. ಅಲ್ಲಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಮರಣ ನೋಂದಣಿಯಾಗುವುದೂ ಅಲ್ಲಿಯೇ, ಅಂದರೆ ಬೇರೆ ರಾಜ್ಯದಲ್ಲಿ. ಆಸ್ಪತ್ರೆಗೆ ಸೇರಿಸುವ ಗಡಿಬಿಡಿಯಲ್ಲಿ ಜೊತೆಗೆ ಹೋದ ಅಳಿಯನೋ ಅಣ್ಣನ ಮಗನೋ ಹೇಳಿದ ಹೆಸರು ಅಲ್ಲಿನ ಮರಣ ಪತ್ರದಲ್ಲಿ ಉಳಿದುಬಿಡುತ್ತದೆ. ಅದನ್ನು ತಿದ್ದಿಸಲು ಇಲ್ಲಿನ ಪಂಚಾಯತಿಗೆ ಅಧಿಕಾರವಿಲ್ಲ. ಗಂಡನನ್ನು ಕಳೆದುಕೊಂಡು ತಿಂಗಳೂ ಆಗದ ಹೆಂಗಸು ಗಡಿಯ ತಲಪಾಡಿ ದಾಟಿ ಅಲ್ಲಿನ ಕಚೇರಿಗೆ ಅಲೆಯಬೇಕು. 2020ರ ಮಾರ್ಚಿನಲ್ಲಿ ಕೊರೊನಾದ ಹೆಸರಿನಲ್ಲಿ ಗಡಿಯ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ನೀವು ಕಂಡಿದ್ದೀರಿ. ಚಿಕಿತ್ಸೆಗೆ ದಾರಿ ಸಿಗದೆ ಜೀವಗಳೇ ಹೋದ ಆ ದಿನಗಳಲ್ಲಿ ಕಾಗದ ತರುವ ಮಾತು ಎಲ್ಲಿ ಬಂತು. ಆ ಮಣ್ಣು ತೆಗೆದು ವರ್ಷಗಳಾಗಿವೆ. ಆದರೆ ಎರಡು ರಾಜ್ಯಗಳ ಕಚೇರಿಗಳ ನಡುವೆ ಒಂದು ಪತ್ರ ನೇರವಾಗಿ ಹೋಗಿ ಬರುವ ದಾರಿ ಮಾತ್ರ ತೆರೆದಿಲ್ಲ. ಆ ಓಡಾಟವನ್ನು ಈಗಲೂ ಅರ್ಜಿದಾರರೇ ಮಾಡಬೇಕು.

ವಿಧವಾ ಪಿಂಚಣಿಯ ಬಗ್ಗೆಯೇ ಮತ್ತೊಂದು ಮಾತು. 60 ವರ್ಷದೊಳಗಿನವರು ಪ್ರತಿ ವರ್ಷವೂ ತಾವು ಮರುಮದುವೆಯಾಗಿಲ್ಲ ಎಂಬ ಸರ್ಟಿಫಿಕೇಟು ತರಬೇಕು. ನಿಯಮದ ಹಿಂದಿನ ಕಾರಣ ನನಗೆ ಅರ್ಥವಾಗುತ್ತದೆ. ಆದರೆ ಐವತ್ತೆಂಟು ವಯಸ್ಸಿನ, ಮೊಮ್ಮಕ್ಕಳನ್ನು ಕಂಡ ಒಬ್ಬ ತಾಯಿಯ ಎದುರು, ಹಿಂದಿನಿಂದ ಸಾಲಿನಲ್ಲಿ ನಿಂತ ಊರವರೆಲ್ಲ ಕೇಳುತ್ತಿರುವಾಗ, “ಅಕ್ಕಾ, ಮದುವೆಯಾಗಿಲ್ಲ ಎಂಬ ಕಾಗದ ತಂದಿಲ್ಲವಲ್ಲ” ಎಂದು ಕೇಳಬೇಕಾದದ್ದು ಯಾವ ಮನುಷ್ಯನಿಗೂ ಬರಬಾರದ ಕೆಲಸ. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ನೆಲ ನೋಡುತ್ತಾಳೆ. ಇಂಥ ವಿಚಾರಗಳನ್ನು ಕೇಳಲು ಒಂದು ಪ್ರತ್ಯೇಕ ಮೇಜು, ಒಬ್ಬ ಮಹಿಳಾ ಸಿಬ್ಬಂದಿ ಇರಬೇಕೆಂದು ಸಿಬ್ಬಂದಿ ಸಭೆಯಲ್ಲಿ ನಾನು ಹಲವು ಸಲ ಹೇಳಿದ್ದೇನೆ. ಜಾಗವಿಲ್ಲ ಎಂಬುದು ಉತ್ತರ. ನಿಜವಾಗಿಯೂ ಜಾಗ ಇರಲಿಲ್ಲ. ಕಡತಗಳು ಜನರಿಗಿಂತ ಹೆಚ್ಚು ಸ್ಥಳ ಹಿಡಿದಿದ್ದವು.

ಬೆರಳಚ್ಚಿನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಪಿಂಚಣಿ ಪಡೆಯುವವರು ಬದುಕಿದ್ದಾರೆ ಎಂಬುದನ್ನು ಖಚಿತಪಡಿಸಿಕೊಳ್ಳಲು ಜನರಿಗೆ ಸರಕಾರಿ ಸೇವೆ ಒದಗಿಸುವ ಅಕ್ಷಯ ಕೇಂದ್ರಗಳಲ್ಲಿ ಮಸ್ಟರಿಂಗ್, ಅಂದರೆ ಬೆರಳಚ್ಚು ಅಥವಾ ಕಣ್ಣಿನ ಮೂಲಕ ಗುರುತಿನ ದೃಢೀಕರಣ, ಮಾಡಿಸಬೇಕು. ಕೇಂದ್ರಕ್ಕೆ ಹೋದರೆ 30 ರೂಪಾಯಿ, ನಡೆಯಲಾಗದವರ ಮನೆಗೆ ಬಂದು ಮಾಡಿದರೆ 50. ಸತ್ತವರ ಹೆಸರಿನಲ್ಲಿ ಹಣ ಹೋಗುವುದನ್ನು ತಡೆಯುವುದು ಅಗತ್ಯವೇ. ಆದರೆ ನಮ್ಮ ತಾಲೂಕಿನ ಹೆಂಗಸರ ಕೈಗಳನ್ನು ಆ ಯಂತ್ರವನ್ನು ರೂಪಿಸಿದವರು ನೋಡಿರಲಿಕ್ಕಿಲ್ಲ. ಹತ್ತು ವಯಸ್ಸಿನಿಂದ ಬೀಡಿ ಕಟ್ಟಿದವರು ಇಲ್ಲಿ ಮನೆಮನೆಯಲ್ಲಿದ್ದಾರೆ. ಎಲೆಯನ್ನು ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಸುತ್ತಿ, ತುದಿ ಮಡಚಿ ನೂಲು ಕಟ್ಟುವ ಕೆಲಸದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ಗೆರೆಗಳು ಸವೆದು ಚರ್ಮ ನುಣುಪಾಗಿರುತ್ತದೆ. ಅಡಿಕೆ ಸುಲಿದವರ ಕೈ ಒಡೆದಿರುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿದ ಕೈ ಸುಟ್ಟು ಕಪ್ಪಾಗಿರುತ್ತದೆ. ಯಂತ್ರದ ಮೇಲೆ ಬೆರಳಿಟ್ಟರೆ ಕೆಂಪು ದೀಪ. ಒರೆಸಿ ಇಟ್ಟರೂ ಕೆಂಪು, ಎಣ್ಣೆ ಹಚ್ಚಿ ಇಟ್ಟರೂ ಕೆಂಪು. ಕಣ್ಣಿನ ಪಾಪೆಯ ಗುರುತು ಹಿಡಿಯೋಣವೆಂದರೆ ಪೊರೆ ಬಂದ ಕಣ್ಣು. ಹೀಗೆ ಜೀವನವಿಡೀ ದುಡಿದದ್ದರ ಗುರುತೇ ಅವರು ಬದುಕಿಲ್ಲವೆಂಬುದಕ್ಕೆ ಸಾಕ್ಷಿಯಾಗುತ್ತದೆ.

ಮಸ್ಟರಿಂಗ್ ವಿಫಲವಾದವರು ಜೀವಂತ ಪ್ರಮಾಣಪತ್ರವನ್ನು ಪಂಚಾಯತಿಗೆ ಕೊಟ್ಟರೆ ಸಾಕು ಎಂಬ ನಿಯಮವಿದೆ. ಈ ಮಾತನ್ನು ನೀವು ಮನೆಗೆ ಹೋಗಿ ನಿಮ್ಮ ಅಕ್ಕಪಕ್ಕದ ಹಿರಿಯರಿಗೆ ದಯವಿಟ್ಟು ಹೇಳಬೇಕು, ಏಕೆಂದರೆ ತುಂಬಾ ಮಂದಿಗೆ ಇದು ತಿಳಿದಿಲ್ಲ. ಅಕ್ಷಯ ಕೇಂದ್ರದಲ್ಲಿ ಆಗಲಿಲ್ಲ ಎಂದ ಕೂಡಲೇ ಪಿಂಚಣಿ ನಿಂತೇಹೋಯಿತು ಎಂದುಕೊಂಡು ಮನೆಯಲ್ಲಿ ಕುಳಿತವರನ್ನು ನಾನು ಕಂಡಿದ್ದೇನೆ. ಕಂತು ತಪ್ಪಿ ತಿಂಗಳುಗಳಾದ ಮೇಲೆ ಯಾರದೋ ಒತ್ತಾಯಕ್ಕೆ ಕಚೇರಿಗೆ ಬರುತ್ತಾರೆ. ಆಗ ದಾಖಲೆ ತೆರೆದು ನೋಡಿದರೆ ಅಲ್ಲಿ ಒಂದು ಸಾಲು ಇರುತ್ತದೆ, ಮಸ್ಟರಿಂಗ್ ಆಗಿಲ್ಲ ಎಂದು. ಆ ಒಂದು ಸಾಲು ಆ ಮನೆಗೆ ಒಂದು ಪೋಸ್ಟ್ ಕಾರ್ಡಿನ ರೂಪದಲ್ಲಿ ಮೊದಲೇ ತಲುಪಿದ್ದರೆ ಕಂತು ತಪ್ಪುತ್ತಿರಲಿಲ್ಲ.

ಅನರ್ಹರೂ ಪಿಂಚಣಿ ಪಡೆಯುತ್ತಿದ್ದಾರೆಂಬ ಸಂಶಯದ ವಿಚಾರವನ್ನು ಬೇಗ ಹೇಳಿ ಮುಗಿಸುತ್ತೇನೆ. 2019ರ ಅಂತ್ಯದವರೆಗೆ ಪಿಂಚಣಿ ಮಂಜೂರಾದವರೆಲ್ಲರೂ 2023ರ ಫೆಬ್ರವರಿ ಮುಗಿಯುವುದರೊಳಗೆ ಹೊಸ ವರಮಾನ ಸರ್ಟಿಫಿಕೇಟು ತರಬೇಕೆಂಬ ಆದೇಶ ಬಂದಾಗ ವಿಲೇಜ್ ಆಫೀಸುಗಳ ಮುಂದೆ ಎಂಥ ಸಾಲುಗಳಿದ್ದವು ಎಂಬುದು ನಿಮಗೆ ನೆನಪಿರಬೇಕು. 2024ರ ನವೆಂಬರಿನಲ್ಲಿ, ಸರಕಾರಿ ಸಂಬಳ ಪಡೆಯುವ 1,458 ಮಂದಿಯೇ ಕ್ಷೇಮ ಪಿಂಚಣಿಯನ್ನೂ ಪಡೆಯುತ್ತಿದ್ದಾರೆಂಬುದು ಹಣಕಾಸು ಇಲಾಖೆಯ ತಪಾಸಣೆಯಲ್ಲಿ ಹೊರಬಂತು. ಆ ಸುದ್ದಿ ಓದಿ ನಾಚಿಕೆಯಾಗದ ನೌಕರನಿರಲಿಕ್ಕಿಲ್ಲ. ಅಂಥವರ ಮೇಲೆ ಕ್ರಮ ಆಗಲೇಬೇಕು. ಆದರೆ ಆ ಬಳಿಕ ಬಿಗಿಯಾದ ತಪಾಸಣೆಯ ಬಿಸಿ ಮೊದಲು ತಟ್ಟಿದ್ದು ಅಂಥ ಜಾಣರಿಗಲ್ಲ, ಕಾಗದ ಜೋಡಿಸಿಕೊಳ್ಳಲು ತಿಳಿಯದ ಬಡವರಿಗೆ. ಗಲ್ಫಿನಲ್ಲಿ ಮಗನಿದ್ದಾನೆ, ಮನೆ ಟೆರೇಸಿನದ್ದು ಎಂದು ವರದಿ ಬರೆಯುವುದು ಸುಲಭ. ಆ ಮಗ ಐದು ವರ್ಷಗಳಿಂದ ತಾಯಿಗೆ ಒಂದು ಕಾಸೂ ಕಳುಹಿಸಿಲ್ಲ ಎಂಬುದನ್ನು ಬರೆಯಲು ಅರ್ಜಿಯ ನಮೂನೆಯಲ್ಲಿ ಅಂಕಣವೇ ಇಲ್ಲ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ವಿಷಯ ನನ್ನ ಸೆಕ್ಷನಿಗೆ ನೇರವಾಗಿ ಸೇರಿದ್ದಲ್ಲ, ಅದಕ್ಕೆ ಪ್ರತ್ಯೇಕ ವ್ಯವಸ್ಥೆಯಿದೆ. ಆದರೂ ಕಾಸರಗೋಡಿನಲ್ಲಿ ನಿಂತು ನೆರವಿನ ಕಚೇರಿಗಳ ಬಗ್ಗೆ ಮಾತಾಡುವವನು ಅದನ್ನು ಬಿಟ್ಟು ಮುಂದೆ ಹೋಗಲಾರ. ಎಣ್ಮಕಜೆ, ಬೆಳ್ಳೂರು, ಕುಂಬ್ಡಾಜೆ, ಮುಳಿಯಾರು ಮೊದಲಾದ ಪಂಚಾಯತುಗಳ ಗೇರು ತೋಟಗಳ ಮೇಲೆ ವರ್ಷಾನುವರ್ಷ ಹೆಲಿಕಾಪ್ಟರಿನಿಂದ ವಿಷ ಸುರಿಯಲಾಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರ ಜನವರಿ 10ರಂದು ಆದೇಶಿಸಿತು. ಐದು ವರ್ಷ ಕಳೆದು 2022ರ ಮೇ ತಿಂಗಳಲ್ಲಿ ಅದೇ ನ್ಯಾಯಾಲಯ ವಿಚಾರಿಸಿದಾಗ, 3,704 ಮಂದಿಯಲ್ಲಿ ಹಣ ಸಿಕ್ಕಿದ್ದು ಮತ್ತೆ ಕೋರ್ಟಿನ ಬಾಗಿಲು ತಟ್ಟಿದ ಎಂಟು ಮಂದಿಗೆ ಮಾತ್ರ ಎಂಬುದು ಬಯಲಾಯಿತು. ಆ ಐದು ವರ್ಷಗಳಲ್ಲಿ ಎದ್ದು ಕೂರಲಾಗದ ಮಕ್ಕಳನ್ನು ಹೊತ್ತುಕೊಂಡು ನಮ್ಮ ಕಚೇರಿಗೂ ತಾಯಂದಿರು ಬಂದಿದ್ದಾರೆ, ಯಾವ ಕಚೇರಿಗೆ ಹೋಗಬೇಕೆಂದು ತಿಳಿಯದೆ. ಇಲ್ಲಿ ಅಲ್ಲ, ಕಲೆಕ್ಟರೇಟಿಗೆ ಹೋಗಿ ಎಂದು ದಾರಿ ತೋರಿಸುವುದಷ್ಟೇ ನಮ್ಮಿಂದ ಆಗುತ್ತಿದ್ದುದು. ನಿಯಮದ ಪ್ರಕಾರ ಅದೇ ಸರಿಯಾದ ಉತ್ತರ. ಆ ಉತ್ತರ ಹೇಳಿದ ದಿನ ನನಗೆ ಮಧ್ಯಾಹ್ನದ ಊಟ ಸೇರುತ್ತಿರಲಿಲ್ಲ.

ಇನ್ನು ಭಾಷೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಸ್ಪಷ್ಟವಾದ ಹಕ್ಕಿದೆ. ಸೆಕ್ರೆಟೇರಿಯೇಟಿಗೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳಿಗೆ ಅವರು ತಮ್ಮ ಭಾಷೆಯಲ್ಲಿಯೇ ಬರೆಯಬಹುದು. ಅಷ್ಟೇ ಅಲ್ಲ, ಅಂಥ ಪತ್ರಗಳಿಗೆ ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಸಂವಿಧಾನದ 350ನೇ ವಿಧಿಯೂ ಅಹವಾಲನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಪ್ರತಿಯೊಬ್ಬನಿಗೂ ಕೊಡುತ್ತದೆ. ನಮ್ಮ ಜನ ಮೊದಲರ್ಧವನ್ನು ಹೋರಾಡಿ ಉಳಿಸಿಕೊಂಡಿದ್ದಾರೆ, ಕನ್ನಡದಲ್ಲಿ ಬರೆದ ಅರ್ಜಿಯನ್ನು ಈಗ ಯಾರೂ ತಿರಸ್ಕರಿಸುವುದಿಲ್ಲ. ಉತ್ತರದ ಭಾಗ ಮಾತ್ರ ಮರೆತೇಹೋಗಿದೆ. ಕಂಪ್ಯೂಟರಿನಿಂದ ಹೊರಬರುವ ನೋಟೀಸು ಮಲಯಾಳದಲ್ಲಿ. ಸುತ್ತೋಲೆಯೂ ಮಲಯಾಳದಲ್ಲಿ. ಮಲಯಾಳ ಮತ್ತು ಕನ್ನಡ ಎರಡೂ ಬಲ್ಲವರಿಗೆಂದೇ ಪಿಎಸ್‌ಸಿ, ಅಂದರೆ ರಾಜ್ಯದ ಲೋಕಸೇವಾ ಆಯೋಗ, ಕ್ಲಾರ್ಕ್ ಹುದ್ದೆಗಳಿಗೆ ಪ್ರತ್ಯೇಕ ಆಯ್ಕೆ ನಡೆಸುತ್ತದೆ, ನಾನೂ ಹಾಗೆ ಬಂದವನೇ. ಆದರೆ ಹಾಗೆ ಬಂದ ನೌಕರನ ಕನ್ನಡಕ್ಕೆ ಕೌಂಟರಿನ ಮಾತಿನಲ್ಲಷ್ಟೇ ಕೆಲಸ, ಕಾಗದದ ಮೇಲೆ ಅದಕ್ಕೆ ಜಾಗವಿಲ್ಲ. ಹಿರಿಯರು ಮಲಯಾಳದ ನೋಟೀಸನ್ನು ಓದಿಸಿಕೊಳ್ಳಲು ಅಂಗಡಿಯವರ ಬಳಿ ಹೋಗುತ್ತಾರೆ, ಅವರು ಅರ್ಧ ಓದಿ ಅರ್ಧ ಊಹಿಸಿ ಹೇಳುತ್ತಾರೆ. ತನಿಖೆಗೆ ಹಾಜರಾಗಿ ಎಂದಿದ್ದುದನ್ನು ಪಿಂಚಣಿ ರದ್ದಾಗಿದೆ ಎಂದು ತಿಳಿದು ಅಳುತ್ತಾ ಬಂದವರಿದ್ದಾರೆ.

ಇದೆಲ್ಲ ನೌಕರನನ್ನು ಏನು ಮಾಡುತ್ತದೆ ಎಂಬುದನ್ನೂ ಹೇಳಬೇಕಲ್ಲ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಮೊದಲ ವರ್ಷ ಪ್ರತಿಯೊಬ್ಬರ ಕಥೆಯನ್ನೂ ಪೂರ್ತಿ ಕೇಳುತ್ತಾರೆ. ಕೇಳಿಯೂ ತಮ್ಮಿಂದ ಏನೂ ಆಗುವುದಿಲ್ಲ ಎಂಬುದು ಮನದಟ್ಟಾದ ಮೇಲೆ, ಕೇಳುವುದನ್ನೇ ನಿಲ್ಲಿಸುತ್ತಾರೆ. ಕಣ್ಣು ಕಂಪ್ಯೂಟರಿನ ಮೇಲಿಟ್ಟು, “ಆಗಿಲ್ಲ, ಆಮೇಲೆ ಬನ್ನಿ” ಎನ್ನುವುದನ್ನು ರೂಢಿಸಿಕೊಳ್ಳುತ್ತಾರೆ. ನೀವು ಅದನ್ನು ಅಹಂಕಾರವೆಂದು ಕರೆಯುತ್ತೀರಿ, ಕೆಲವರಲ್ಲಿ ಅದು ಅಹಂಕಾರವೂ ಹೌದು. ಹೆಚ್ಚಿನವರಲ್ಲಿ ಅದು ಸೋತು ಸುಣ್ಣವಾದ ಮನಸ್ಸು ಹುಡುಕಿಕೊಂಡ ಆಸರೆ. ಇನ್ನು ಕೆಲವರು ಒಳ್ಳೆಯತನದಿಂದಲೇ ನಿಯಮ ಸಡಿಲಿಸಿ ಸಹಾಯ ಮಾಡಲು ಹೋಗುತ್ತಾರೆ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದಾಗ ಆ ಮೊತ್ತವನ್ನು ತಮ್ಮ ಸಂಬಳದಿಂದ ಕಟ್ಟಬೇಕಾದೀತೆಂಬ ಭಯದಲ್ಲಿ ವರ್ಷಗಟ್ಟಲೆ ನಿದ್ದೆಗೆಡುತ್ತಾರೆ. ಅರ್ಹರಿಗೆ ಕೊಡದಿದ್ದರೆ ಯಾರೂ ಕೇಳುವುದಿಲ್ಲ, ಒಂದು ಕಾಗದ ಕಡಿಮೆ ಇದ್ದಾಗ ಕೊಟ್ಟರೆ ಕೇಳುವವರು ಬರುತ್ತಾರೆ. ಹೀಗಿರುವಾಗ ಇಲ್ಲ ಎನ್ನುವುದೇ ಸುರಕ್ಷಿತವೆಂದು ನೌಕರನಿಗೆ ಯಾರೂ ಪಾಠ ಮಾಡಬೇಕಾಗಿಲ್ಲ.

ಹಾಗಾದರೆ ಆಗಬೇಕಾದದ್ದೇನು ಎಂದು ಕೇಳುತ್ತೀರಿ. ಪಿಂಚಣಿಯ ಮೊತ್ತ ಹೆಚ್ಚಬೇಕು, ಸಿಬ್ಬಂದಿ ಹೆಚ್ಚಬೇಕು ಎಂಬುದನ್ನು ಸಂಘಟನೆಗಳು ಹೇಳುತ್ತಲೇ ಇವೆ, ಅವರು ಹೇಳುವುದು ಸರಿ. ನಾನು ಕೇಳುವುದು ಖರ್ಚಿಲ್ಲದ ಒಂದು ಸಂಗತಿ. ಅರ್ಜಿ ನಿಂತರೆ, ಕಂತು ತಪ್ಪಿದರೆ, ಪಿಂಚಣಿ ರದ್ದಾದರೆ, ಯಾವ ಕಾಗದದ ಕೊರತೆಯಿಂದ, ಯಾವ ಕಚೇರಿಯಲ್ಲಿ, ಇನ್ನು ಏನು ಮಾಡಿದರೆ ಅದು ಸರಿಹೋಗುತ್ತದೆ ಎಂಬುದನ್ನು ಅರ್ಧ ಪುಟದಲ್ಲಿ, ಅರ್ಜಿದಾರನ ಭಾಷೆಯಲ್ಲಿ ಬರೆದು ಸಹಿ ಹಾಕಿ ಕೊಡುವ ಅಧಿಕಾರ ಸೆಕ್ಷನ್ ಕ್ಲಾರ್ಕಿಗೆ ಇರಬೇಕು, ಹಾಗೆ ಕೊಡುವುದು ಆತನ ಕರ್ತವ್ಯವೂ ಆಗಿರಬೇಕು. ಅಂಥ ಕಾಗದ ಕೈಯಲ್ಲಿದ್ದರೆ ಅರ್ಜಿದಾರ ಮುಂದಿನ ಕಚೇರಿಗೆ ಹೋಗಿ ಏನು ಕೇಳಬೇಕೆಂದು ತಿಳಿಯುತ್ತಾನೆ, ವಾರ್ಡು ಮೆಂಬರಿಗೂ ಶಾಸಕರಿಗೂ ತೋರಿಸಬಹುದು, ನ್ಯಾಯಾಲಯಕ್ಕೂ ಒಯ್ಯಬಹುದು. ಬರೆದುಕೊಟ್ಟ ನೌಕರನೂ ತಾನು ಹೇಳಬೇಕಾದದ್ದನ್ನು ಹೇಳಿದೆನೆಂಬ ಸಮಾಧಾನದಿಂದ ಸಂಜೆ ಮನೆಗೆ ಹೋಗಬಹುದು.

ಅಲ್ಲಿಯವರೆಗೆ ನೀವು ಸುಮ್ಮನೆ ಕೂರಬೇಕಾಗಿಲ್ಲ. ಬಾಯಿಮಾತಿನ ಉತ್ತರ ತೆಗೆದುಕೊಂಡು ಮರಳಬೇಡಿ. ಅರ್ಜಿಯ ಸ್ಥಿತಿಯೇನು, ತಡೆಗೆ ಕಾರಣವೇನು ಎಂದು ಕನ್ನಡದಲ್ಲಿ ಬರೆದು ಕಚೇರಿಯ ಟಪಾಲು ವಿಭಾಗಕ್ಕೆ ಕೊಡಿ, ಕೊಟ್ಟದ್ದಕ್ಕೆ ರಶೀದಿ ಕೇಳಿ ಪಡೆಯಿರಿ. ಉತ್ತರವನ್ನು 1969ರ ಕಾಯ್ದೆಯ ಪ್ರಕಾರ ಕನ್ನಡದಲ್ಲಿಯೇ ಕೊಡಬೇಕೆಂದು ಅದೇ ಪತ್ರದ ಕೊನೆಯ ಸಾಲಿನಲ್ಲಿ ಸೇರಿಸಿ. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅದೇ ಪ್ರಶ್ನೆಯನ್ನು ಕೇಳಿ, ಅಲ್ಲಿ 30 ದಿನಗಳ ಗಡುವು ಇದೆ. ಬರೆಯಲು ಬಾರದ ಹಿರಿಯರಿಗೆ ನಿಮ್ಮ ವಾಚನಾಲಯದಲ್ಲಿ ವಾರಕ್ಕೊಂದು ಸಂಜೆ ಯಾರಾದರೂ ಕುಳಿತು ಬರೆದುಕೊಡಿ. ನಿವೃತ್ತರಾದ ನಮ್ಮಂಥವರು ಹಲವರು ಈ ಊರಿನಲ್ಲಿದ್ದೇವೆ. ಯಾವ ಸಂಜೆ ಎಂದು ತಿಳಿಸಿದರೆ ನಾವೂ ಬಂದು ಕೂರುತ್ತೇವೆ.